ಕಾಡು ತೋರಿಸುವವರಿಗೆ ಮಾತಾಡಲು ಬಿಡಿ

ದಸರಾ ರಜೆ ಹತ್ತಿರ ಬಂತೆಂದರೆ ಊರಿನಿಂದ ಫೋನುಗಳು ಶುರು. ಕುಮಟಾ, ಶಿರಸಿ, ಅಂಕೋಲಾ, ಕಾರವಾರ. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಮಾತು: "ಹತ್ತು ದಿನ ರಜೆ ಉಂಟು ಮಾರಾಯಾ. ಸಿಂಹ ನೋಡ್ಬೇಕು, ಆಮೇಲೆ ಜಾಂಜಿಬಾರಿಗೆ ಹೋಗಿ ಸಮುದ್ರದ ದಡದಲ್ಲಿ ಆರಾಮಾಗಿ ಕೂರ್ಬೇಕು. ಒಂದು ಪ್ಲಾನ್ ಹಾಕಿ ಕೊಡು."

ನಾನು ಹನ್ನೊಂದು ವರ್ಷದಿಂದ ತಾಂಜಾನಿಯಾದ ಅರೂಷಾದಲ್ಲಿ ಇದ್ದೇನೆ. ಸಫಾರಿ ಜೀಪುಗಳು ಹೊರಡುವ ಊರೇ ಇದು. ಹಾಗಾಗಿ ಪ್ಲಾನ್ ಹಾಕಿಕೊಡುವುದು ನನಗೆ ಖುಷಿಯ ಕೆಲಸ. ಆದರೆ ಪ್ರತಿ ಸಲ ಒಂದು ಮಾತು ಹೇಳುತ್ತೇನೆ: ನಿಮ್ಮ ಪಟ್ಟಿಯಿಂದ ಒಂದು ಜಾಗ ತೆಗೆದುಹಾಕಿ. ಇದು ಯಾರಿಗೂ ಇಷ್ಟ ಆಗುವುದಿಲ್ಲ. ಅಷ್ಟು ದೂರ ಬಂದು ಒಂದು ಕಾಡು ಬಿಡುವುದೆಂದರೆ ದುಡ್ಡು ದಂಡ ಅಂತ ಅನ್ನಿಸುತ್ತದೆ.

ಹೋದ ವರ್ಷ ಅಕ್ಕ, ಭಾವ ಬಂದರು. ಅವರದ್ದು ಶಿರಸಿ ಹತ್ತಿರ ಅಡಿಕೆ ತೋಟ. ತೋಟದವರಿಗೆ ರಜೆ ಸಿಗುವುದೇ ಕಷ್ಟ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಸುವುದು, ಚಳಿಗಾಲದಲ್ಲಿ ಕೊನೆಕೊಯ್ಲು. ನಡುವೆ ಸಿಗುವುದು ಅಕ್ಟೋಬರಿನ ಒಂದಷ್ಟು ದಿನ. ಅದು ಒಳ್ಳೆಯದೇ ಆಯಿತು. ನಮ್ಮ ಮಕ್ಕಳಿಗೆ ದೊಡ್ಡ ರಜೆ ಇರುವ ಏಪ್ರಿಲ್, ಮೇ ತಿಂಗಳು ಇಲ್ಲಿ ಜೋರು ಮಳೆಯ ಕಾಲ. ಕಾಡಿನ ದಾರಿ ಕೆಸರಾಗುತ್ತದೆ, ಜಾಂಜಿಬಾರ್ ದ್ವೀಪದಲ್ಲಿಯೂ ಮಳೆ. ಜೂನ್‌ನಿಂದ ಅಕ್ಟೋಬರ್ ಒಣ ಕಾಲ. ಇಲ್ಲವೇ ಜನವರಿ, ಫೆಬ್ರವರಿ. ಆಗ ಸೆರೆಂಗೆಟಿಯ ದಕ್ಷಿಣದ ಬಯಲಿನಲ್ಲಿ ವಿಲ್ಡ್‌ಬೀಸ್ಟ್ ಅನ್ನುವ ದನದಂಥ ಕಾಡುಪ್ರಾಣಿಗಳು ಮರಿ ಹಾಕುತ್ತವೆ. ಅವು ನದಿ ದಾಟುವುದನ್ನು ನೋಡಬೇಕು ಅನ್ನುವವರು ಜುಲೈನಿಂದ ಅಕ್ಟೋಬರ್ ಒಳಗೆ ಉತ್ತರದ ಮಾರಾ ನದಿ ಕಡೆ ಹೋಗಬೇಕು. ಸುಮಾರು 15 ಲಕ್ಷ ಪ್ರಾಣಿಗಳು ವರ್ಷವಿಡೀ ಹುಲ್ಲು, ನೀರಿನ ಹಿಂದೆ ಸುತ್ತುತ್ತಿರುತ್ತವೆ. ನಮ್ಮ ರಜೆಯ ದಿನ ನೋಡಿಕೊಂಡು ಅವು ಎಲ್ಲೂ ನಿಲ್ಲುವುದಿಲ್ಲ.

ಊರಿನ ಹತ್ತಿರದ ಏಜೆಂಟರೊಬ್ಬರು ಭಾವನಿಗೆ ಒಂದು ಹಾಳೆ ಕೊಟ್ಟಿದ್ದರು. ನಾಲ್ಕು ದಿನ, ನಾಲ್ಕು ಕಾಡು: ತರಂಗೀರೆ, ಮನ್ಯಾರಾ, ಸೆರೆಂಗೆಟಿ, ಎನ್‌ಗೊರೊಂಗೊರೊ. ಐದನೇ ದಿನ ವಿಮಾನ ಹತ್ತಿ ಜಾಂಜಿಬಾರ್. ಕಾಗದದ ಮೇಲೆ ಚೆನ್ನಾಗೇ ಇತ್ತು. ಆದರೆ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ ಒಂದೇ 14,763 ಚದರ ಕಿಲೋಮೀಟರ್. ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆ ಅದರೊಳಗೆ ಹಿಡಿದು ಇನ್ನೂ ಜಾಗ ಉಳಿಯುತ್ತದೆ. ಅರೂಷಾದಿಂದ ಅದರ ನಡುಮಧ್ಯದ ಸೆರೊನೆರಾಕ್ಕೆ ಜೀಪಿನಲ್ಲಿ ಏಳೆಂಟು ತಾಸು, ಅರ್ಧಕ್ಕರ್ಧ ಮಣ್ಣು ರಸ್ತೆ. ಆ ಹಾಳೆಯ ಪ್ರಕಾರ ಹೋಗಿದ್ದರೆ ಅವರಿಬ್ಬರೂ ಕಾಡಿಗಿಂತ ಧೂಳನ್ನೇ ಜಾಸ್ತಿ ನೋಡುತ್ತಿದ್ದರು.

ಮನ್ಯಾರಾ ತೆಗೆದೆವು. ತರಂಗೀರೆಗೆ ಎರಡು ರಾತ್ರಿ, ಸೆರೆಂಗೆಟಿಗೆ ಮೂರು, ಎನ್‌ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚಿನಲ್ಲಿ ಒಂದು, ಜಾಂಜಿಬಾರಿಗೆ ನಾಲ್ಕು. ಭಾವನಿಗೆ ಸಮಾಧಾನ ಇರಲಿಲ್ಲ. ಸಿಂಹ ಮರ ಹತ್ತುವುದು ಮನ್ಯಾರಾದಲ್ಲೇ ಅಲ್ವಾ ಅಂತ ಎರಡು ಸಲ ಕೇಳಿದ.

ತರಂಗೀರೆಯ ಎರಡನೇ ಬೆಳಿಗ್ಗೆ ನಡೆದದ್ದನ್ನು ಹೇಳಲೇಬೇಕು. ಆನೆಗಳಿಗೆ ಹೆಸರಾದ ಕಾಡು ಅದು. ಒಣಗಾಲದಲ್ಲಿ ಸುತ್ತಲಿನ ಆನೆಗಳೆಲ್ಲ ಆ ಒಂದು ನದಿಗೆ ಬರುತ್ತವೆ. ಹಿಂದಿನ ದಿನ ಕಣ್ತುಂಬ ನೋಡಿದ್ದೆವು. ಆ ದಿನ ನಮ್ಮ ಗೈಡ್ ಒಂದು ಬವೊಬಾಬ್ ಮರದ ಕೆಳಗೆ ಜೀಪು ನಿಲ್ಲಿಸಿ ಎಂಜಿನ್ ಬಂದ್ ಮಾಡಿದ. ಸುಮ್ನೆ ಕೂತ. ಐದು ನಿಮಿಷ ಆಯಿತು. ಭಾವ ನನ್ನ ಕಡೆ ಬಗ್ಗಿ "ಇಂವ ಎಂತಕ್ಕೆ ನಿಲ್ಸಿದ್ದ?" ಅಂದ. ಗೈಡ್ ದುರ್ಬೀನನ್ನು ಅಕ್ಕನ ಕೈಗೆ ಕೊಟ್ಟು ಮರದ ಮೇಲೆ ಒಂದು ಬಿರುಕು ತೋರಿಸಿದ. ಬೆರಳು ಹೋಗುವಷ್ಟು ಸಂದು, ಸುತ್ತ ಒಣಗಿದ ಮಣ್ಣು. ಅದು ಕಳೆದ ಮಳೆಗಾಲದಲ್ಲಿ ಹಾರ್ನ್‌ಬಿಲ್ ಗೂಡು ಮಾಡಿದ ಪೊಟರೆ ಅಂತ ಹೇಳಿದ. ಹೆಣ್ಣು ಒಳಗೆ ಹೋಗಿ ಕೂರುತ್ತದೆ, ಪೊಟರೆಯ ಬಾಯನ್ನು ಮಣ್ಣಿನಿಂದ ಮುಚ್ಚುತ್ತವೆ, ಗಂಡು ಆ ಸಂದಿನಲ್ಲಿ ಕೊಕ್ಕು ತೂರಿಸಿ ಊಟ ಕೊಡುತ್ತದೆ. ಗಂಡಿಗೆ ಏನಾದರೂ ಆದರೆ ಒಳಗಿನವರ ಗತಿ ಏನು ಅಂತಲೂ ಹೇಳಿದ. ಅಕ್ಕ ದುರ್ಬೀನು ಕೆಳಗಿಳಿಸಲೇ ಇಲ್ಲ. "ಇದು ನಮ್ಮ ಮಂಗಟ್ಟೆ ಹಕ್ಕಿ ತರಾನೇ" ಅಂದಳು. ನಾನು ಅದನ್ನು ಸ್ವಾಹಿಲಿಯಲ್ಲಿ ಗೈಡ್‌ಗೆ ಹೇಳಿದೆ. ಆಮೇಲೆ ಅರ್ಧ ತಾಸು ಅವನೇ ಅಕ್ಕನನ್ನು ಕೇಳುತ್ತಿದ್ದ: ನಿಮ್ಮ ಹಕ್ಕಿ ಎಷ್ಟು ದೊಡ್ಡದು, ಯಾವ ಹಣ್ಣು ತಿನ್ನುತ್ತದೆ, ನಿಮ್ಮ ಕಾಡು ಹೇಗಿದೆ?

ಭಾವ ಊರಿಗೆ ಹೋದ ಮೇಲೆ ಎಲ್ಲರಿಗೂ ಮೊದಲು ಹೇಳಿದ್ದು ಆ ಪೊಟರೆಯ ಕಥೆಯನ್ನೇ. ಸಿಂಹ ಆಮೇಲೆ ಬಂತಂತೆ.

ಅಂಥ ಗೈಡ್ ಸುಮ್ನೆ ಹುಟ್ಟುವುದಿಲ್ಲ. ಕಿಲಿಮಂಜಾರೋ ಬುಡದ ಮ್ವೇಕಾದಲ್ಲಿ 1963ರಿಂದ ವನ್ಯಜೀವಿ ಕಾಲೇಜಿದೆ. ಕಾಡು ಕಾಯುವವರು, ನಡೆಸುವವರು ಎಷ್ಟೋ ಜನ ಅಲ್ಲಿ ಕಲಿತವರು. ಅರೂಷಾದಲ್ಲಿ ಗೈಡ್ ತರಬೇತಿಯ ಶಾಲೆಗಳೂ ಇವೆ. ಕೆಲಸ ಕಲಿತವನಿಗೆ ಊರಿನಲ್ಲಿ ಮರ್ಯಾದೆ ಇದೆ, ಹೆಣ್ಣು ಕೊಡುವವರು ಗೈಡ್ ಅಂದರೆ ಖುಷಿಪಡುತ್ತಾರೆ. ಆರೇಳು ದಿನ ಅದೇ ಗೈಡ್, ಅದೇ ಜೀಪು. ಎರಡನೇ ದಿನಕ್ಕೆ ನಿಮಗೆ ಏನು ಇಷ್ಟ ಅಂತ ಅವನಿಗೆ ಗೊತ್ತಾಗಿರುತ್ತದೆ. ಇಲ್ಲಿಯೂ ಅವಸರದ ಜೀಪುಗಳು ಇವೆ. ಒಂದು ಚಿರತೆ ಕಂಡರೆ ಇಪ್ಪತ್ತು ಗಾಡಿ ಸುತ್ತುವರಿಯುವುದನ್ನು ನಾನೇ ನೋಡಿದ್ದೇನೆ, ಬೇಜಾರಾಗುತ್ತದೆ. ಆದರೂ ಒಳ್ಳೆಯ ಗೈಡ್ ಅಂಥ ಕಡೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ಈಗ ಊರಿನ ಮಾತು. ಎರಡು ವರ್ಷದ ಹಿಂದೆ ರಜೆಗೆ ಹೋದಾಗ ಮಕ್ಕಳನ್ನು ನಮ್ಮ ಜಿಲ್ಲೆಯ ಒಂದು ಕಡೆ ಸಫಾರಿಗೆ ಕರೆದುಕೊಂಡು ಹೋಗಿದ್ದೆ. ಜೀಪು ಓಡಿಸುವವನು ಇಪ್ಪತ್ತೈದರ ಹುಡುಗ, ಕಾಡಂಚಿನ ಊರಿನವನೇ. ಹೊರಡುವ ಮೊದಲು ಯಾರೋ ಬಂದು ಅವನಿಗೆ ಹೇಳಿದರು: "ಎರಡು ತಾಸಲ್ಲಿ ವಾಪಸ್, ಎಲ್ಲೂ ಜಾಸ್ತಿ ನಿಲ್ಲಿಸಬೇಡ." ಅವನು ಹಾಗೇ ಮಾಡಿದ. ಜೀಪಿನಲ್ಲಿದ್ದವರ ಪ್ರಶ್ನೆಯೂ ಒಂದೇ, ಹುಲಿ ಕಾಣಿಸ್ತದಾ? ಅವನು "ಹೇಳೋಕಾಗಲ್ಲ ಸರ್" ಅಂತ ಪ್ರತಿ ಸಲ ಉತ್ತರ ಕೊಟ್ಟ. ಒಂದು ಜಿಂಕೆ ಹಿಂಡು, ಎರಡು ಕಾಟಿ ಕಂಡವು. ಸಫಾರಿ ಮುಗಿಯಿತು.

ಜೀಪು ಇಳಿದ ಮೇಲೆ ನಾನು ಅವನ ಜೊತೆ ಚಹಾ ಕುಡಿದೆ. ಮಂಗಟ್ಟೆ ಕಾಣಲೇ ಇಲ್ಲವಲ್ಲ ತಮ್ಮ ಅಂತ ಕೇಳಿದೆ. ಅಲ್ಲಿಂದ ಅವನ ಬಾಯಿ ತೆರೆಯಿತು. ಯಾವ ಮರದ ಪೊಟರೆಗೆ ಪ್ರತಿ ವರ್ಷ ಬರುತ್ತವೆ, ಫೆಬ್ರವರಿಯಲ್ಲಿ ಹೆಣ್ಣು ಒಳಗೆ ಕೂತರೆ ಹೊರಬರುವುದು ಯಾವಾಗ, ಗಂಡು ತಂದ ಹಣ್ಣಿನ ಬೀಜ ಬಿದ್ದು ಮರದ ಬುಡದಲ್ಲಿ ಎಂಥ ಸಸಿ ಎದ್ದಿವೆ. ಕೆಂದಳಿಲು ಒಂದೇ ಗೂಡಲ್ಲ, ಎರಡು ಮೂರು ಗೂಡು ಕಟ್ಟಿಟ್ಟುಕೊಳ್ಳುತ್ತದೆ ಅಂದ. ಅವನ ಅಜ್ಜ ತೋರಿಸಿಕೊಟ್ಟದ್ದಂತೆ. ಇಷ್ಟೆಲ್ಲ ಗೊತ್ತಿದ್ದವನು ಎರಡು ತಾಸು ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದ. ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು.

ನಮ್ಮ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ನಾಲ್ಕು ಬಗೆಯ ಮಂಗಟ್ಟೆ ಇವೆ, ಕಪ್ಪು ಚಿರತೆ ಇದೆ. ಶಿರಸಿ, ಸಿದ್ದಾಪುರದ ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕ ಇದೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಕಾಡಿನಲ್ಲಿ ಅದಿಲ್ಲ. ದಟ್ಟ ಕಾಡಿನಲ್ಲಿ ಪ್ರಾಣಿ ಕಾಣುವುದು ಕಷ್ಟ, ಬಯಲಿನಲ್ಲಿ ಸುಲಭ. ಇದು ನಿಜ. ಅದಕ್ಕೇ ನಮ್ಮ ಕಾಡಿಗೆ ಮಾತಾಡುವವರು ಇನ್ನೂ ಜಾಸ್ತಿ ಬೇಕು. ಕಣ್ಣಿಗೆ ಕಾಣದ್ದನ್ನು ಕಿವಿಗೆ ಕೇಳಿಸಬೇಕು, ಹೆಜ್ಜೆ ತೋರಿಸಬೇಕು, ಬಿದ್ದ ಹಣ್ಣು ತೋರಿಸಬೇಕು. ಕುಣಬಿಯರು, ಸಿದ್ದಿಯರು, ಗೌಳಿಗರು ಅಲ್ಲೇ ಹುಟ್ಟಿ ಬೆಳೆದವರು. ಅವರ ಮಕ್ಕಳಿಗೆ ಒಂದು ವರ್ಷ ಸರಿಯಾದ ತರಬೇತಿ, ಒಂದು ದುರ್ಬೀನು, ಒಳ್ಳೆಯ ಸಂಬಳ ಕೊಟ್ಟು, ಎರಡು ತಾಸಿನ ಬದಲು ಇಡೀ ಬೆಳಗು ಬಿಟ್ಟುಕೊಟ್ಟರೆ ನಮ್ಮ ಜಿಲ್ಲೆ ಯಾರಿಗೂ ಕಡಿಮೆ ಇಲ್ಲ. ಇದಕ್ಕೆ ದುಡ್ಡು ಜಾಸ್ತಿ ಆಗಲಿ, ಪರವಾಗಿಲ್ಲ. ಸೆರೆಂಗೆಟಿಯಲ್ಲಿ ವಿದೇಶಿಯರಿಗೆ ಪ್ರವೇಶ ಶುಲ್ಕವೇ ತಲೆಗೆ ದಿನಕ್ಕೆ 70 ಡಾಲರ್ ದಾಟುತ್ತದೆ, ಅದೂ ಗೇಟು ದಾಟಿದ ಹೊತ್ತಿನಿಂದ ಸರಿಯಾಗಿ 24 ತಾಸಿನ ಲೆಕ್ಕ. ನಮ್ಮವರು ಅದನ್ನು ಕೊಟ್ಟು ಬರುತ್ತಾರಲ್ಲ.

ಊರಿನ ಕಡೆ ಇದ್ದು ಇಲ್ಲಿಲ್ಲದ್ದೂ ಇದೆ. ಸೆರೆಂಗೆಟಿಯಲ್ಲಿ ಕಂಡಲ್ಲಿ ಜೀಪಿನಿಂದ ಇಳಿಯುವ ಹಾಗಿಲ್ಲ. ಆರು ದಿನ ಗಾಡಿಯಲ್ಲೇ ಕೂತು ಅಕ್ಕನ ಕಾಲು ಊದಿತ್ತು. ಯಾಣದ ಕಾಡಿನಲ್ಲಿ ನಡೆದು ಹೋಗಿ, ಸಂಜೆ ಯಾರದೋ ಮನೆಯ ಜಗುಲಿಯಲ್ಲಿ ಕೂತು ಅಪ್ಪೆಹುಳಿ ಕುಡಿಯುವ ಸುಖ ಇಲ್ಲಿ ಸಿಗುವುದಿಲ್ಲ.

ಹೊರಡುವವರಿಗೆ ನಾಲ್ಕು ಮಾತು. ಕಾಡಿನಿಂದ ದ್ವೀಪಕ್ಕೆ ಹೋಗುವ ಸಣ್ಣ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ, ಅದೂ ಮೆತ್ತನೆಯ ಚೀಲ. ಪ್ಲಾಸ್ಟಿಕ್ ಕೈಚೀಲ ಇಲ್ಲಿ 2019ರ ಜೂನ್‌ನಿಂದ ನಿಷೇಧ. ಚಕ್ಕುಲಿ, ತೊಡದೇವು ಡಬ್ಬಿಯಲ್ಲಿ ತನ್ನಿ. ನೈರೋಬಿ ಅಥವಾ ಅಡಿಸ್ ಅಬಾಬಾ ಮೇಲೆ ಬರುವವರು ಹಳದಿ ಜ್ವರದ ಲಸಿಕೆಯನ್ನು ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ, ವಾಪಸ್ ಹೋದಾಗ ನಮ್ಮ ದೇಶದಲ್ಲೇ ಆ ಕಾರ್ಡ್ ಕೇಳಬಹುದು. ಮಲೇರಿಯಾ ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ. ಜಾಂಜಿಬಾರಿಗೆ ಹೋಗುವ ವಿದೇಶಿಯರು 2024ರ ಅಕ್ಟೋಬರ್‌ನಿಂದ ಅಲ್ಲಿಯದೇ ವಿಮೆ ಮಾಡಿಸಬೇಕು. ಎನ್‌ಗೊರೊಂಗೊರೊ ಅಂಚು ಎರಡು ಸಾವಿರ ಮೀಟರ್‌ಗಿಂತ ಎತ್ತರ, ಬೆಳಿಗ್ಗೆ ಹಲ್ಲು ಕಡಿಯುವ ಚಳಿ, ಸ್ವೆಟರ್ ಮರೆಯಬೇಡಿ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಇಲ್ಲಿ ಮ್ಚಿಚಾ ಅನ್ನುವುದು ನಮ್ಮ ಹರಿವೆ ಸೊಪ್ಪೇ, ಕಾಯಿಹಾಲು ಹಾಕಿ ಬೇಯಿಸುತ್ತಾರೆ. ಚಪಾತಿಗೆ ಚಪಾತಿ ಅಂತಲೇ ಅನ್ನುತ್ತಾರೆ. ಗಾಡಿ ಅಂದರೆ ಗಾರಿ, ಲಕ್ಷ ಅಂದರೆ ಲಾಕಿ.

ಕಾಡು ಮೊದಲು, ಕಡಲು ಆಮೇಲೆ ಇಟ್ಟುಕೊಳ್ಳಿ. ಕಾಡಿನಲ್ಲಿ ದಿನಾ ಐದಕ್ಕೆ ಏಳಬೇಕು, ಮೈಕೈ ನೋವು, ಧೂಳು. ಆಮೇಲೆ ಸಮುದ್ರ ಬೇಕೆನಿಸುತ್ತದೆ. ನಾವು ಉಳಿದದ್ದು ದ್ವೀಪದ ಪೂರ್ವಕ್ಕೆ, ಜಂಬಿಯಾನಿಯಲ್ಲಿ. ಆ ಕಡೆ ಇಳಿತದಲ್ಲಿ ನೀರು ಒಂದು ಕಿಲೋಮೀಟರಿನಷ್ಟು ಹಿಂದೆ ಹೋಗುತ್ತದೆ. ಈಜಲು ಬಂದವರಿಗೆ ಬೇಜಾರು, ಅಂಥವರು ಉತ್ತರದ ನುಂಗ್ವಿಗೆ ಹೋಗಲಿ. ಅಕ್ಕ ಮಾತ್ರ ಕುಮಟಾದಲ್ಲಿ ಬೆಳೆದವಳು. ನೀರು ಇಳಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಹೆಂಗಸರು ಮಂಡಿಯಷ್ಟು ನೀರಿನಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ ಸಮುದ್ರದ ಪಾಚಿ ಬೆಳೆಸುತ್ತಿದ್ದರು. ಅದಕ್ಕೆ ಮ್ವಾನಿ ಅನ್ನುತ್ತಾರೆ. ಅಕ್ಕನಿಗೆ ಸ್ವಾಹಿಲಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ. ಒಂದು ತಾಸು ಬಿಟ್ಟು ನೋಡಿದರೆ ಅಕ್ಕ ಸೀರೆ ಎತ್ತಿ ಕಟ್ಟಿ ಅವರ ಜೊತೆ ಹಗ್ಗಕ್ಕೆ ಪಾಚಿ ಕಟ್ಟುತ್ತಿದ್ದಳು. ನಮ್ಮ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಅನ್ನುವ ಚಿಪ್ಪುಮೀನು ಆರಿಸುವವರ ಹಾಗೇ ಇದೆ ಅಂತ ರಾತ್ರಿ ಊಟದ ಹೊತ್ತಿಗೆ ಹೇಳಿದಳು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸರ್ ಮನ್ನಣೆ ಆ ಅಳಿವೆಗೆ 2024ರಲ್ಲಿ ಸಿಕ್ಕಿತು. ಬಳಚು ತೆಗೆಯುವ ಹೆಂಗಸರ ಜೊತೆ ಒಂದು ಬೆಳಿಗ್ಗೆ ಕಳೆಯಲು ನಮ್ಮ ಪ್ರವಾಸಿಗರು ಎಷ್ಟು ಜನ ಹೋಗುತ್ತಾರೆ? ಅವರಿಂದ ಕೇಳಿ ತಿಳಿಯುವುದು ಎಷ್ಟಿದೆ!

ದ್ವೀಪದ ಕೊನೆಯ ದಿನ ಸ್ಟೋನ್ ಟೌನ್, ಅಲ್ಲಿಯ ಹಳೆಯ ಪಟ್ಟಣ. ಕೆತ್ತಿದ ಬಾಗಿಲುಗಳು, ಲವಂಗದ ವಾಸನೆಯ ಓಣಿಗಳು. ಅಲ್ಲೇ ಗುಲಾಮರನ್ನು ಮಾರುತ್ತಿದ್ದ ಸಂತೆ ಇತ್ತು. 1873ರಲ್ಲಿ ಅದನ್ನು ಮುಚ್ಚಿಸಿದರು, ಆ ಜಾಗದಲ್ಲಿ ಈಗ ಇಗರ್ಜಿ ಇದೆ. ಅಲ್ಲಿ ಮಾತಾಡಿದ ಗೈಡ್ ವಯಸ್ಸಾದವರು. ಮನುಷ್ಯರನ್ನು ಹಾಯಿ ಹಡಗಿನಲ್ಲಿ ತುಂಬಿ ಸಮುದ್ರದಾಚೆ ಎಲ್ಲೆಲ್ಲಿಗೆ ಒಯ್ದರು ಅಂತ ಹೇಳುತ್ತ ಹಿಂದೂಸ್ತಾನದ ಹೆಸರೂ ಹೇಳಿದರು. ಅಕ್ಕ ನನ್ನ ಕೈ ಹಿಡಿದಳು. ಅವಳ ತೋಟದ ಕೆಲಸಕ್ಕೆ ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಬರುತ್ತಾರೆ. ಇಪ್ಪತ್ತು ವರ್ಷದಿಂದ ಒಟ್ಟಿಗೆ ಚಹಾ ಕುಡಿದವರು. ಅವರ ಹಿರಿಯರು ಆಫ್ರಿಕಾದವರು ಅಂತ ಅವಳಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತು. ನಮ್ಮ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ, ಅಷ್ಟು ತಡವಾಗಿ. "ಅವರ ಅಜ್ಜ-ಮುತ್ತಜ್ಜರ ಕಥೆ ನಾನು ಒಂದು ದಿನವೂ ಕೇಳಿಲ್ವಲ್ಲೋ" ಅಂದಳು. ಆಮೇಲೆ ಹೋಟೆಲ್ ತಲುಪುವ ತನಕ ಮಾತಾಡಲಿಲ್ಲ.

ಈ ಡಿಸೆಂಬರಿಗೆ ನಾನು ಊರಿಗೆ ಹೋಗುತ್ತಿದ್ದೇನೆ. ಆ ಜೀಪಿನ ಹುಡುಗನಿಗೆ ಫೋನ್ ಮಾಡಿದೆ. ಅವನ ರಜೆಯ ಎರಡು ದಿನ ನಮಗೆ ಕೊಡಲು ಒಪ್ಪಿದ್ದಾನೆ. ಜೀಪಿಲ್ಲ, ಅವನ ಊರಿನ ಸುತ್ತ ನಡೆದೇ ತಿರುಗುವುದು. ಎಷ್ಟು ಕೊಡಲಿ ಅಂತ ಕೇಳಿದರೆ ಹೇಳಲು ನಾಚಿಕೊಂಡ. ಇಲ್ಲಿಯ ಗೈಡ್‌ಗೆ ದಿನಕ್ಕೆ ಕೊಡುವಷ್ಟೇ ಕೊಡುತ್ತೇನೆ ಅಂದೆ. ಒಂದು ದುರ್ಬೀನು ಕೊಂಡು ಚೀಲದಲ್ಲಿ ಇಟ್ಟಾಗಿದೆ. ಅಕ್ಕ, ಭಾವ ಇಬ್ಬರೂ ಬರುತ್ತಾರೆ, ಕೊನೆಕೊಯ್ಲು ಎರಡು ದಿನ ತಡವಾದರೂ ಸರಿ ಅಂತ ಭಾವನೇ ಹೇಳಿದ್ದಾನೆ.