ಅದು ಮೋರೇರ ಮನೆ, ಹಾಗೇ ಕರೆಯಿರಿ

ಭಾನುವಾರ ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡ ಹತ್ತಿ ಬಂದೆ. ಹಳೇ ಕಾಲದವರು ಸತ್ತವರಿಗಾಗಿ ಕಟ್ಟಿದ ಕಲ್ಲುಮನೆಗಳಿರುವ ಗುಡ್ಡ ಅದು. ಕಾಲುನೋವು ಇಳಿದಿದೆ, ಸಿಟ್ಟು ಇನ್ನೂ ಇಳಿದಿಲ್ಲ.

ಮೇಲೆ ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಸಿಕ್ಕರು. "ಇವು ಮೋರೇರ ಮನಿ ನೋಡ್ರಿ" ಅಂತ ಪ್ರೀತಿಯಿಂದ ಆ ಕಲ್ಲುಮನೆಗಳನ್ನು ತೋರಿಸಿದರು. ಮೋರೇರು ಅಂದರೆ ಹಿಂದೆ ಇಲ್ಲಿ ಬದುಕಿದ್ದರು ಅಂತ ಊರವರು ಹೇಳುವ ಜನ. ನಮ್ಮನ್ನು ಕರ್ಕೊಂಡು ಹೋಗಿದ್ದ ಹುಡುಗ ತಕ್ಷಣ ಬಾಯಿ ಹಾಕಿ, "ಅಜ್ಜಾ, ಹಂಗನ್ನಬಾರ್ದು, ಇವಕ್ಕ ಡಾಲ್ಮೆನ್ ಅಂತಾರ" ಅಂದ. ಅಜ್ಜ ಸುಮ್ಮನಾದರು. ಆಮೇಲೆ ಮಾತೇ ಆಡಲಿಲ್ಲ.

ಯಾಕೆ ಅನ್ನಬಾರದು?

ಒಂದರ ಮುಂದೆ ಕೂತು ನೋಡಿದೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ನಾಲ್ಕನೆಯದರಲ್ಲಿ ದುಂಡನೆ ಕಿಂಡಿ ಕೊರೆದು, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಹೊರಗೆ ಕಲ್ಲು ಕೈ ಸುಡುತ್ತಿತ್ತು, ಕಿಂಡಿಯಲ್ಲಿ ತಲೆ ತೂರಿಸಿದರೆ ಒಳಗೆ ತಣ್ಣಗೆ. ಗೋಡೆ ಇದೆ, ಮಾಡು ಇದೆ, ಬಾಯಿ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಸತ್ತವರಿಗಾಗಿ ಕಟ್ಟಿದ ಮನೆ ಅದು. ಮನೆ ಅನ್ನದೆ ಇನ್ನೇನು ಅನ್ನಬೇಕು?

ಡಾಲ್ಮೆನ್ ಅನ್ನೋದು ಫ್ರಾನ್ಸಿನ ಬ್ರಿಟನಿ ಕಡೆಯ ಭಾಷೆಯಿಂದ ಬಂದದ್ದು. ಕಲ್ಲಿನ ಮೇಜು ಅಂತ ಅರ್ಥ. ನೆಟ್ಟಗೆ ನಿಲ್ಲಿಸಿದ ಕಲ್ಲಿಗೆ ಅವರನ್ನುವ ಮೆನ್ಹಿರ್ ಅಂದರೂ ಉದ್ದ ಕಲ್ಲು, ಅಷ್ಟೇ. ಅವರೂ ಕಣ್ಣಿಗೆ ಕಂಡದ್ದಕ್ಕೆ ತಮ್ಮ ಮಾತಲ್ಲೇ ಹೆಸರಿಟ್ಟರು, ಅಲ್ವಾ? ನಮ್ಮವರೂ ಹಾಗೇ ಇಟ್ಟಿದ್ದಾರೆ. ಹೊಸನಗರ ತಾಲ್ಲೂಕಿನಲ್ಲಿ ನಿಲುಗಲ್ಲುಗಳಿರುವ ಊರಿಗೆ ನಿಲಸ್ಕಲ್ ಅಂತಲೇ ಹೆಸರು. ಇಂಥ ಕಲ್ಲುಮನೆಗಳಿಗೆ ಬೇರೆ ಕಡೆ ಪಾಂಡವರ ಗುಡಿ ಅಂತಾರೆ. ಪಾಂಡವರಿಗೂ ಇದಕ್ಕೂ ಸಂಬಂಧವಿಲ್ಲ, ಒಪ್ಪುತ್ತೇನೆ. ಆದರೆ ಆ ಹೆಸರಿನ ಭಯಭಕ್ತಿಗೇ ಎಷ್ಟೋ ಕಲ್ಲುಗಳು ಉಳಿದಿವೆ ಅಂತ ನನ್ನ ನಂಬಿಕೆ.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿ ಸೇರಿದೆ, ಹೊರಗಿನವರಿಗೆ ಅರ್ಥವಾಗುವ ಪದ ಬೇಡ್ವಾ ಅಂತ ಕೇಳ್ತೀರಿ. ಬೇಕು. ಸಂಶೋಧಕರು ತಮ್ಮ ಲೇಖನದಲ್ಲಿ ಬರ್ಕೊಳ್ಳಲಿ, ಯಾರೂ ಬೇಡ ಅನ್ನಲ್ಲ. ಆದರೆ ಅಲ್ಲೇ ಹುಟ್ಟಿ ಬೆಳೆದವರ ಬಾಯಿಂದ ಅವರ ಪದವನ್ನೇ ಕಿತ್ತುಕೊಳ್ಳೋದು ಯಾವ ಪಾಂಡಿತ್ಯ?

ಒಂದು ಮಾತು ಹೇಳಲೇಬೇಕು. ಆ ಹುಡುಗ ಅಜ್ಜನನ್ನು ತಿದ್ದುವಾಗ ನಾನೂ ಬಾಯಿ ಬಿಡಲಿಲ್ಲ. ನಾಲ್ಕು ಜನರ ಮುಂದೆ ಯಾಕೆ ಅಂತ ಸುಮ್ನಿದ್ದೆ. ಅಲ್ಲೇ ಮೇಲೆ ನಗಾರಿ ಥರದ ದೊಡ್ಡ ಗುಂಡುಕಲ್ಲು ಇದೆ. ಬಡಿದರೆ ಸದ್ದು ಒಂದು ಕಿಲೋಮೀಟರ್ ಆಚೆಗೂ ಕೇಳುತ್ತದಂತೆ. ಅದಕ್ಕೆ ಊರಲ್ಲಿ ಏನಂತಾರೆ ಅಂತ ಅಜ್ಜನನ್ನು ಕೇಳಬೇಕು ಅಂದ್ಕೊಂಡಿದ್ದೆ. ಕೇಳುವ ಹೊತ್ತಿಗೆ ಅವರು ಕುರಿ ಹೊಡ್ಕೊಂಡು ಕೆಳಗಿಳಿದಿದ್ದರು.