ಊರೂರು ಸುತ್ತುವ ಖಣ

ನಮ್ಮ ಮನೆ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದೆ. ಅದರ ತುಂಬ ಬ್ಲೌಸ್ ಪೀಸುಗಳು. ಒಂದನ್ನೂ ನಾವು ಕೊಂಡದ್ದಲ್ಲ, ಒಂದನ್ನೂ ಹೊಲಿಸುವುದಿಲ್ಲ. ಗೃಹಪ್ರವೇಶದಲ್ಲಿ ಎಲೆ ಅಡಿಕೆ ಜೊತೆ ಬಂದದ್ದು ವರಮಹಾಲಕ್ಷ್ಮಿಗೆ ಪಕ್ಕದ ಮನೆಗೆ ಹೋಗುತ್ತದೆ. ನಾನೇ ಯಾರಿಗೋ ಕೊಟ್ಟಿದ್ದ ಹಸಿರು ಪೀಸೊಂದು, ಮೂಲೆಯ ಕುಂಕುಮದ ಕಲೆ ಸಮೇತ, ಎರಡು ವರ್ಷದ ಮೇಲೆ ನನಗೇ ವಾಪಸ್ ಬಂತು. ಊರೆಲ್ಲ ಸುತ್ತಿ ಮನೆಗೆ ಬಂದ ಬೆಕ್ಕಿನ ಹಾಗೆ. ಮತ್ತೆ ಕವರಿನೊಳಗೆ ಬಿಟ್ಟುಕೊಂಡೆ.

ಈ ಪೀಸುಗಳ ಹಿರೀಕ ಖಣ, ರವಿಕೆಗೆಂದೇ ನೇಯುವ ಬಟ್ಟೆ. ಅದನ್ನು ನೇಯುವ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಉಡಲು ಇಳಕಲ್ ಸೀರೆ, ತೊಡಲು ಗುಳೇದಗುಡ್ಡದ ಖಣ ಅನ್ನುವುದು ಆ ಕಡೆಯ ಜೋಡಿ. ಬಾದಾಮಿಗೆ ಹೋದವಳು ಹೇಗೂ ಹತ್ತಿರ ಅಲ್ವಾ ಅಂತ ಒಂದು ಬೆಳಿಗ್ಗೆ ಅಲ್ಲಿಗೆ ಹೊರಟೆ. ಓಣಿಗೆ ಕಾಲಿಟ್ಟರೆ ಸಾಕು, ಮಗ್ಗದ ಸದ್ದು ಕೇಳುತ್ತದೆ ಅಂದಿದ್ದರು. ನನಗೆ ಕೇಳಿದ್ದು ಒಂದು ಕೋಳಿ ಕೂಗಿದ್ದು ಮಾತ್ರ. ಬಾಗಿಲುಗಳಿಗೆ ಬೀಗ.

ಕಟ್ಟೆಯ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಒಬ್ಬ ಅಜ್ಜ ಕೂತಿದ್ದರು. ‘ಇವತ್ತ ಬನದ ಹುಣ್ಣಿವಿ ರೀ. ಬನಶಂಕರಿ ತೇರು. ಮಗ್ಗ ಎಲ್ಲಿ ನಡೀತಾವು?’ ಅಂದರು. ಬಾದಾಮಿ ಹತ್ತಿರದ ಬನಶಂಕರಿಯೇ ಅಲ್ಲಿನ ಎಷ್ಟೋ ನೇಕಾರರ ಮನೆದೇವರು. ದಿನ ನೋಡದೆ ಬಂದವಳು ನಾನು.

ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ, ಒಳಗೆ ಕರೆದರು. ಕುಣಿ ಮಗ್ಗ. ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ‘ಇವತ್ತ ನೇಯೂದಿಲ್ಲ. ನೀವು ದೂರದಿಂದ ಬಂದೀರಿ ಅಂತ ನಾಕು ಎಳಿ’ ಅಂದರು. ಉದ್ದಕ್ಕೆ ಚಾಚಿದ್ದು ಹಾಸು, ಅಡ್ಡಡ್ಡ ಓಡಿದ್ದು ಹೊಕ್ಕು. ‘ಹಾಸುಹೊಕ್ಕಾಗಿದೆ’ ಅಂತ ಎಷ್ಟು ಸಲ ಬರೆದಿದ್ದೇನೋ, ಕಣ್ಣಿಂದ ನೋಡಿದ್ದು ಅವತ್ತೇ. ಲಾಳಿ ಹನ್ನೆರಡು ಸಲ ಓಡಿತು. ಬಟ್ಟೆ ಬೆಳೆದದ್ದು ಉಗುರಿನಷ್ಟೂ ಇಲ್ಲ. ನಡುವೆ ಸಾಲಾಗಿ ಏನೋ ಪುಟ್ಟ ಚಿತ್ರ. ಗೋಪುರವೇ ಅಂದೆ.

‘ತೇರು ರೀ. ಇದು ತೇರಿನ ಖಣ. ಅಲ್ಲಿ ದೊಡ್ಡ ತೇರು ಎಳಿಯೂ ದಿನ ಇಲ್ಲಿ ಬಂದು ಮಗ್ಗ ನೋಡ್ತೀರಲ್ಲ! ಮಗ್ಗ ನಾಳಿನೂ ಇರತೈತಿ. ಹೋಗ್ರಿ, ಹೋಗ್ರಿ.’

ಹೊರಡುವಾಗ ಅಜ್ಜಿ ಉಡಿ ತುಂಬಿದರು. ಅಕ್ಕಿ, ಕಾಯಿ, ಎಲೆ ಅಡಿಕೆ, ಕೆಂಪು ಅಂಚಿನ ಒಂದು ಕಡುನೀಲಿ ಖಣ. ‘ಹೊಲಿಸ್ಕೋರಿ ಮತ್ತ. ಹಂಗ ಇಡಬ್ಯಾಡ್ರಿ’ ಅಂದರು. ನಮ್ಮ ಬೀರುವಿನ ಕವರ್ ಇವರಿಗೆ ಹೇಗೆ ಗೊತ್ತಾಯಿತು?

ಸೊಸೆ, ಮೊಮ್ಮಕ್ಕಳ ಜೊತೆ ಟಂಟಂ ಹತ್ತಿಸಿದರು. ಮಗು ಒಂದು ನನ್ನ ತೊಡೆಯ ಮೇಲೆ, ರೊಟ್ಟಿ ಗಂಟು ಮಗುವಿನ ತೊಡೆಯ ಮೇಲೆ. ಜಾತ್ರೆಯಲ್ಲಿ ನಾನು ಕಂಡದ್ದು ಮೊದಲು ಧೂಳು, ಆಮೇಲೆ ನಾಟಕ ಕಂಪನಿಗಳ ಬೋರ್ಡು. ಸಾಲುಸಾಲು ಟೆಂಟು. ಒಂದೊಂದು ಕಂಪನಿಯ ಮೈಕೂ ಪಕ್ಕದ ಕಂಪನಿಗಿಂತ ಜೋರು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು ‘ಊಟ ಮಾಡ ಬರ್ರಿ’ ಅಂತ ಬಿಡದೆ ಕರೆಯುತ್ತಾರೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಕೆಂಪು ಚಟ್ನಿ. ಜೊತೆಗೆ ಪುಟ್ಟ ಕುಡಿಕೆಯಲ್ಲಿ ಮೊಸರು, ಕುಡಿಕೆ ಮಗುಚಿದರೂ ಬೀಳದಷ್ಟು ಗಟ್ಟಿ. ಚಟ್ನಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದಾಗ ಸೊಸೆ ನಕ್ಕು ಇನ್ನೊಂದು ಕುಡಿಕೆ ಕೊಡಿಸಿದಳು.

ಸಂಜೆ ತೇರು ಅಲುಗಿತು. ‘ಶಂಭುಕೋ’ ಅಂತ ಎದ್ದ ಕೂಗಿಗೆ ಎದೆ ಝಲ್ ಅಂತು. ಉತ್ತತ್ತಿ ನಾನೂ ಎಸೆದೆ. ತೇರಿಗೆ ತಾಗಲಿಲ್ಲ, ಮುಂದಿದ್ದವರ ರುಮಾಲಿಗೆ ತಾಗಿತು. ಅವರು ತಿರುಗಿ ನೋಡಿ, ಅದನ್ನೇ ಹೆಕ್ಕಿ ತೇರಿಗೆ ಎಸೆದರು.

ಖಣ ಈಗ ನಮ್ಮ ಬೀದಿಯ ಟೈಲರ್ ಹತ್ತಿರ ಇದೆ. ‘ತೋಳು ಗಿಡ್ಡ ಆಗುತ್ತೆ ಮೇಡಂ’ ಅಂದ. ಆಗಲಿ ಅಂದೆ. ಮೊನ್ನೆ ಶುಕ್ರವಾರ ಕುಂಕುಮಕ್ಕೆ ಬಂದವರಿಗೆ ಕವರಿನೊಳಗೆ ಕೈ ಹಾಕಿ ಮೇಲಿದ್ದದ್ದನ್ನು ಕೊಟ್ಟೆ. ಹಸಿರು ಪೀಸು ಮತ್ತೆ ಊರು ಸುತ್ತಲು ಹೊರಟಿದೆ.