ರಾತ್ರಿಯಿಡೀ ಕೂತು ಮಾಡಿದ ಬೀಟ್‌ಗೆ ಎಕ್ಸ್‌ಟ್ರಾ ಮಾರ್ಕ್ಸ್ ಕೊಡಬೇಕಾ?

ಪರ: ಡೊಂಬಿವಲಿಯಿಂದ

ಪಾಪ ಕಷ್ಟಪಟ್ಟಿದ್ದಾನೆ ಅಂತ ಕರುಣೆ ತೋರ್ಸಿ ಅಂತ ನಾನು ಹೇಳ್ತಿಲ್ಲ. ಬೀಟ್ ಅಂದ್ರೆ ರ‍್ಯಾಪ್ ಹಿಂದೆ ಓಡೋ ಸಂಗೀತ; ಹಿಪ್‌ಹಾಪ್‌ನಲ್ಲಿ ಅದರ ದುಡಿಮೆ ಬೇರೆ, ಸೌಂಡ್ ಬೇರೆ ಅಂತ ಬಿಡಿಸಿ ನೋಡೋಕೇ ಆಗಲ್ಲ, ಅಷ್ಟೇ ನನ್ನ ವಾದ.

1987ರಲ್ಲಿ ಬಂದ ಎಸ್‌ಪಿ-1200 ಸ್ಯಾಂಪ್ಲರನ್ನೇ ತಗೊಳ್ಳಿ, ಸೌಂಡ್ ತುಣುಕು ಹಿಡಿದಿಟ್ಟು ಬಾರಿಸೋ ಮಷೀನು. 12 ಬಿಟ್, ಅಂದ್ರೆ ಸೌಂಡ್ ಸ್ವಲ್ಪ ಒರಟು, ಒಟ್ಟು ಮೆಮೊರಿ ಹತ್ತಿರ ಹತ್ತಿರ 10 ಸೆಕೆಂಡ್, ಅಷ್ಟರಲ್ಲೇ ಕಿಕ್ಕು ಸ್ನೇರು ಅನ್ನೋ ಡ್ರಮ್ ಏಟು, ಬೇಸು ಎಲ್ಲಾ ತುರುಕ್ಬೇಕು. ಅದಕ್ಕೆ ಆಗಿನ ಪ್ರೊಡ್ಯೂಸರ್‌ಗಳು ನಿಮಿಷಕ್ಕೆ 33 ಸುತ್ತು ತಿರುಗೋ ಎಲ್‌ಪಿ ರೆಕಾರ್ಡನ್ನ 45ರ ಸ್ಪೀಡಲ್ಲಿ ಓಡ್ಸಿ ರೆಕಾರ್ಡ್ ಮಾಡ್ಕೊಂಡು ಆಮೇಲೆ ಮಷೀನ್ ಒಳಗೆ ಪಿಚ್ ಇಳಿಸ್ತಿದ್ರು, ಜಾಗ ಉಳೀತು, ಜೊತೆಗೆ ಒಂಥರಾ ಮರಳು ಮರಳಾದ ಖರಖರ ಸೌಂಡೂ ಬಂತು. ಇವತ್ತು ನಾವು ಆ ಖರಖರಕ್ಕೆ ದುಡ್ಡು ಕೊಟ್ಟು ಪ್ಲಗಿನ್ ಸಾಫ್ಟ್‌ವೇರ್ ತಗೋತೀವಿ! ಅವರು ಪಟ್ಟ ಪಾಡೇ ಈಗ ಕ್ವಾಲಿಟಿ ಆಗಿ ಕೂತಿದೆ.

ಅಮೆರಿಕದ ಬೀಟ್ ಪ್ರೊಡ್ಯೂಸರ್ ಜೆ ಡಿಲಾ ನೋಡಿ. ಬೆರಳು ತಪ್ಪಿದ್ರೆ ಮಷೀನೇ ಏಟನ್ನ ತಾಳದ ಲೈನಿಗೆ ಎಳೆದು ಕೂರ್ಸುತ್ತೆ, ಕ್ವಾಂಟೈಜ್ ಅಂತಾರೆ, ಅವನು ಎಷ್ಟೋ ಸಲ ಅದನ್ನ ಆಫ್ ಮಾಡಿ ಕೈಯಲ್ಲೇ ಬಾರಿಸ್ತಿದ್ದ. ಕೇಳೋಕೆ ಏನೋ ಸೋಮಾರಿ ಥರ ತೂಗಾಡ್ದಂಗಿರುತ್ತೆ, ಆದ್ರೆ ಹಾಗೆ ಹದವಾಗಿ ತಪ್ಪೋಕೆ ವರ್ಷಗಟ್ಟಲೆ ಪ್ರಾಕ್ಟೀಸ್ ಬೇಕು. ಅವನ ಎಂಪಿಸಿ ಅನ್ನೋ ಬೀಟ್ ಮಷೀನ್ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ನಮ್ಮ ಮುಂಬೈ ಹುಡುಗರ ಕಥೆ ಬೇರೆ ಹೇಳ್ಬೇಕಾ, ಒಂದೇ ಖೋಲಿ, ಅಪ್ಪ ಹೋಟೆಲ್ ಡ್ಯೂಟಿ ಮುಗ್ಸಿ ಬಂದು ಮಲಗಿರ್ತಾರೆ, ಸ್ಪೀಕರ್ ಹಾಕೋ ಹಾಗಿಲ್ಲ, ಹೆಡ್‌ಫೋನಲ್ಲೇ ಮಿಕ್ಸ್, ಕಂಬಳಿ ಹೊದ್ಕೊಂಡು ಅದರೊಳಗೆ ವೋಕಲ್ ರೆಕಾರ್ಡಿಂಗ್. ಇನ್ನೊಬ್ಬ ರೆಡಿಮೇಡ್ ಸೌಂಡ್ ತುಣುಕಿನ ಲೂಪ್ ಪ್ಯಾಕ್ ಇಳಿಸ್ಕೊಂಡು ಎರಡು ಲೂಪ್ ಎಳೆದು ಹಾಕಿ ಟೈಪ್ ಬೀಟ್ (ಯಾರೋ ಫೇಮಸ್ ರ‍್ಯಾಪರ್ ಸ್ಟೈಲಿನ ಬೀಟ್) ಅಂತ ಅಪ್‌ಲೋಡ್ ಮಾಡ್ತಾನೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ರೆ ಮುಂದಿನ ವರ್ಷ ಮೊದಲನೆಯವನು ಮೌಸ್ ಮುಟ್ಟಲ್ಲ. ಕಿವಿ ಹದಕ್ಕೆ ಬರೋದೇ ನೂರಾರು ಕೆಟ್ಟ ಬೀಟ್ ಮಾಡಿದ ಮೇಲೆ. ಕೈ ಕೆಸರಾದ್ರೆ ಬಾಯಿ ಮೊಸರು ಅಂತ ಸುಮ್ನೆ ಹೇಳಿಲ್ಲ.

ವಿರೋಧ: ಕುರ್ಲಾದಿಂದ

ದೋಸ್ತ ಗಾದಿಮಾತು ಹೇಳಿ ಕೈ ತೊಳ್ಕೊಂಡಾನ. ಕೆಸರು ಕಾಣ್ತೈತಿ ಖರೇ, ಮೊಸರ ಎಲ್ಲೈತಿ ಮಾರಾಯಾ?

ಠಾಣೆ ಲೋಕಲ್‌ನ್ಯಾಗ ಬಾಗಿಲಿಗೆ ಜೋತು ಬಿದ್ದು ಇಯರ್‌ಫೋನ್ ಹಾಕ್ಕೊಂಡ ನಿಂತಾಂವಗ ನೀ ಎಷ್ಟ ರಾತ್ರಿ ನಿದ್ದಿ ಕೆಟ್ಟಿ ಅಂತ ಹೆಂಗ ಗೊತ್ತಾಗಬೇಕು? ಅಂವಗ ಕೇಳೋದು ಕಿಕ್ಕು, ಬೇಸು, ದನಿ, ಮುಗೀತು. 2014ರಾಗ ನಮ್ಮ ಕುರ್ಲಾದ ರ‍್ಯಾಪರ್ ನೇಜಿ ಏನ್ ಮಾಡಿದ, ನೆಟ್‌ನ್ಯಾಗ ಸಿಕ್ಕ ಬೀಟ್ ತೊಗೊಂಡು ಒಂದು ಐಪ್ಯಾಡ್‌ನ್ಯಾಗ ಹಾಡು ರೆಕಾರ್ಡ್ ಮಾಡಿ, ಅದರಾಗ ವಿಡಿಯೋನೂ ತೆಗೆದು 'ಆಫತ್' ಬಿಟ್ಟ. ಸ್ಟುಡಿಯೋ ಇಲ್ಲ, ಮಿಕ್ಸಿಂಗ್ ಎಂಜಿನಿಯರ್ ಇಲ್ಲ. ಮುಂಬೈ ರ‍್ಯಾಪ್ ಕಡೆ ಮಂದಿ ಹೊಳ್ಳಿ ನೋಡೋಹಂಗ ಮಾಡಿದ ಹಾಡುಗಳೊಳಗ ಅದೂ ಒಂದು. ಅದೇ ಹೊತ್ತಿನ್ಯಾಗ ಭಾರಿ ಭಾರಿ ಸ್ಟುಡಿಯೋದಾಗ ತಿಂಗಳಾನುಗಟ್ಟಲೆ ತಿಕ್ಕಿದ ಎಷ್ಟೋ ಟ್ರ್ಯಾಕ್ ಯಾರಿಗೂ ನೆನಪಿಲ್ಲ.

ದುಡಿಮಿ ಅಂದ್ರ ಅಮೆರಿಕದ ಪ್ರೊಡ್ಯೂಸರ್ ಡಾಕ್ಟರ್ ಡ್ರೇಗಿಂತ ದೊಡ್ಡಾಂವ ಯಾರದಾರ? 'ಡೀಟಾಕ್ಸ್' ಅನ್ನೋ ಆಲ್ಬಂ ಮಾಡ್ತೀನಂತ ವರ್ಷಾನುಗಟ್ಟಲೆ ತಿದ್ದಿದ, ತಿದ್ದಿದ, ಕಡೀಕ 2015ರಾಗ ತಾನ ಹೇಳಿದ, ಅದು ಚಲೋ ಬರ್ಲಿಲ್ಲ, ಬಿಟ್ಟೆ ಅಂತ. ನಾ ಅಂವಗ ಕೈ ಮುಗೀತೀನಿ ನೋಡ್ರಿ. ಅಷ್ಟು ವರ್ಷದ ಬೆವರು ತೋರ್ಸಿ ಮಾರ್ಕ್ಸ್ ಕೇಳಲಿಲ್ಲ.

ಇನ್ನೊಂದು ಮಜಾ. 2002ರಾಗ ಅಮೆರಿಕದಾಗ ಟ್ರೂತ್ ಹರ್ಟ್ಸ್ ಹಾಡಿದ 'ಅಡಿಕ್ಟಿವ್' ಹಿಟ್ ಆತು, ಪ್ರೊಡ್ಯೂಸರ್ ಡಿಜೆ ಕ್ವಿಕ್. ಟಿವಿಯೊಳಗ ಹಿಂದಿ ಹಾಡು ಬರಾಕತ್ತಿತ್ತು, ಅದನ್ನ ರೆಕಾರ್ಡ್ ಮಾಡ್ಕೊಂಡು ಡ್ರಮ್ ಕೂಡ್ಸಿದ. ಲತಾ ಮಂಗೇಶ್ಕರ್ ದನಿ, ಬಪ್ಪಿ ಲಾಹಿರಿ ಟ್ಯೂನ್, 'ಥೋಡಾ ರೇಶಮ್ ಲಗ್ತಾ ಹೈ', ಇಲ್ಲೇ ನಮ್ಮ ಮುಂಬೈ ಸಿನಿಮಾದ ಮಾಲು. ಆ ಲೂಪ್ ಹೆಕ್ಕಿ ತೆಗೆದ ಕಿವಿ ಐತಲ್ಲ, ಅದಕ್ಕ ತಾಸಿನ ಲೆಕ್ಕ ಹಾಕಾಕ ಬರೋದಿಲ್ಲ. ಹಾ, ಬಪ್ಪಿದಾ ಹೆಸರು ಹಾಕಿರ್ಲಿಲ್ಲ, ಕೇಸ್ ಆತು, ಹೆಸರು ಹಾಕೋತನಾ ಸಿಡಿ ಮಾರಬ್ಯಾಡ್ರಿ ಅಂತ ಅಲ್ಲಿ ಕೋರ್ಟ್ ಹೇಳ್ತು, ಹೇಳಬೇಕಾದ್ದ. ಮಂದಿ ದುಡಿಮಿ ಎತ್ಕೊಂಡ ಮ್ಯಾಲೆ ಹೆಸರೂ ರೊಕ್ಕಾನೂ ಕೊಡಬೇಕು. ಆದ್ರ ಅದು ಹಕ್ಕಿನ ಮಾತು, ಹಾಡು ಚಲೋ ಐತೋ ಇಲ್ಲೋ ಅನ್ನೋದು ಬ್ಯಾರೆ ಮಾತು, ದೋಸ್ತ ಎರಡನ್ನೂ ಕಲಿಸಿ ಕುಡಸ್ತಾನ.

ಎಸ್‌ಪಿ-1200 ಮಾತೂ ಅಷ್ಟ. ಆ ಖರಖರ ಕಿವಿಗೆ ಚಲೋ ಅನಸ್ತು ಅಂತ ಉಳೀತು, ಇಲ್ಲಾಂದ್ರ ಆ ಸ್ಪೀಡ್ ಏರಿಸೋ ಉಪಾಯ ಮೂಲಿಗೆ ಬೀಳ್ತಿತ್ತು. ಡಿಲಾನೂ ಹಂಗ, ಮೊದಲ ತಲಿ ತೂಗ್ತೈತಿ, ಕ್ವಾಂಟೈಜ್ ಕಥಿ ಆಮ್ಯಾಲೆ ಗೊತ್ತಾಗ್ತೈತಿ.

ಪಾಪ ಅಂದು ಚಪ್ಪಾಳಿ ಹೊಡೆದ್ರ ಹುಡುಗ ಕೆಡ್ತಾನ, ಇದು ನಾ ಕಣ್ಣಾರೆ ಕಂಡೀನಿ. ಒಂದ ಬೀಟ್‌ನ್ಯಾಗ ಅರವತ್ತು ಟ್ರ್ಯಾಕ್, ಅಂದ್ರ ಸೌಂಡಿನ ಪದರ, ಪೇರಿಸಿರ್ತಾನ, ಕಿಕ್ಕೂ 808 ಅನ್ನೋ ಬೇಸ್ ಸೌಂಡೂ ಎರಡೂ 50-60 ಹರ್ಟ್ಜ್ ಒಳಗ ಗುದ್ದಾಡ್ತಿರ್ತಾವ, ಹೆಡ್‌ಫೋನ್‌ನ್ಯಾಗ ಬರೇ ಗುಂಯ್ ಗುಂಯ್, ಫೋನ್ ಸ್ಪೀಕರ್‌ನ್ಯಾಗ ಹಚ್ಚಿದ್ರ ಬೇಸ್ ಮಂಗಮಾಯ. ಹತ್ತು ಟ್ರ್ಯಾಕ್ ತೆಗೆದು, ಕಿಕ್ ಬಿದ್ದಾಗ ಬೇಸ್ ಒಂಚೂರು ತೆಗ್ಗೋಹಂಗ ಸೈಡ್‌ಚೈನ್ ಹಾಕಿ, 808ಗೆ ಸ್ವಲ್ಪ ಡಿಸ್ಟಾರ್ಶನ್ ಕೊಟ್ರ ಸರಿ ಹೋಗ್ತೈತಿ. ಆದ್ರ ಅಂವ ತೆಗ್ಯಾಂಗಿಲ್ಲ, ಯಾಕಂದ್ರ ಆ ಹತ್ತು ಟ್ರ್ಯಾಕಿಗೆ ಎರಡ ರಾತ್ರಿ ಹಾಕ್ಯಾನಂತ!

ಅದಕ್ಕ ಬೀಟ್ ಕಳಸೂಮುಂದ ಎಷ್ಟ ತಾಸು ಹಿಡೀತು ಅಂತ ಬರೀಬ್ಯಾಡ್ರಪಾ. ಬೀಟ್ ಅಷ್ಟ ಕಳಸ್ರಿ, ಅದೂ ಒಂದ್ಸಲ ಫೋನ್ ಸ್ಪೀಕರ್‌ನ್ಯಾಗ ಕೇಳಿ ನೋಡಿ.